ಭರಮಣ್ಣ ಒರೆಸಿದ ದೀಪಗಳು

ಖಾನಾಪುರದ ಭರಮಣ್ಣ ಮೂರನೇ ಇಯತ್ತೆಗೇ ಶಾಲೆ ಬಿಟ್ಟವನು. ಇಪ್ಪತ್ತು ವರ್ಷ ಬೆಳಗಾವಿಯ ಟಾಕೀಸುಗಳಿಗೆ ಜಾಹೀರಾತಿನ ಗಾಜಿನ ಸ್ಲೈಡು ಬರೆದ. ಕೈ ಎಷ್ಟು ನಯವೋ ಬಾಯಿ ಅಷ್ಟೇ ಒರಟು. ಅಕ್ಷರ ಸೊಟ್ಟ ಎಂದ ಗಿರಾಕಿಯ ಎದುರಿಗೇ ಗಾಜು ನೆಲಕ್ಕೆ ಬಡಿದ ಆಸಾಮಿ.

೧೯೮೯ರ ಹೊತ್ತಿಗೆ ಸ್ಲೈಡು ಕೇಳುವವರಿಲ್ಲದೆ, ಅದೇ ಊರಿನ ಟಿಳಕವಾಡಿಯಲ್ಲಿ ಮದುವೆ ವಿಡಿಯೋ ಮಾಡುವ ಗುರುಪುತ್ರಪ್ಪನ ಅಂಗಡಿ ಸೇರಿದ. ಅಲ್ಲಿ ಹೊಸ ಕಂಪ್ಯೂಟರ್ ಬಂದಿತ್ತು. ಅದನ್ನು ನಡೆಸುವವಳು ಕಾಂತಾ, ಇಪ್ಪತ್ತೆರಡರ ಹುಡುಗಿ.

"ನೋಡ್ರಿ ಕಾಕಾ, ನಡುವಿನ ಬಿಳಿ ಜಾಗಾ ನಿಮ್ಮ ಗಾಜು ಇದ್ದಂಗ. ಎಡಕ್ಕ ಕುಂಚ, ರಬ್ಬರ. ಬಲಕ್ಕ ಬಣ್ಣ. ಕೆಲಸಾ ಮುಗದ ಮ್ಯಾಲ ಈ ಗುಂಡಿ ಒತ್ತದ ಏಳಬ್ಯಾಡ್ರಿ. ಒತ್ತಿದ್ರ ಫ್ಲಾಪಿಯೊಳಗ ಉಳೀತದ. ಇನ್ನ ಕೆಳಗ ಸಾಲಾಗಿ ಚೌಕ ಅದಾವಲ್ರಿ, ಅವು ಯಾಕಂದ್ರ..."

"ಸಾಕವ್ವಾ. ನೀ ಹುಟ್ಟೂಕಿಂತ ಮೊದಲ ಕುಂಚ ಹಿಡದಾಂವ ನಾ."

ಕಾಂತಾ ತನ್ನ ಕೆಲಸಕ್ಕೆ ತಿರುಗಿದಳು.

ಹಲಸಿಯ ಒಂದು ಮದುವೆಯ ಕ್ಯಾಸೆಟ್ಟಿಗೆ ಅವಳು ಎಂಟು ದಿನದಿಂದ ಸಮೆ, ಅಂದರೆ ಎತ್ತರದ ಕಂಬದ ದೀಪ, ಬರೆಯುತ್ತಿದ್ದಳು. ಜ್ವಾಲೆ ಕುಣಿಯಬೇಕು, ಅದರೊಳಗಿಂದ ವಧೂವರರ ಹೆಸರು ಮೂಡಬೇಕು. ಗುರುವಾರ ಕ್ಯಾಸೆಟ್ಟು ಕೊಡಬೇಕಿತ್ತು.

ಬುಧವಾರ ಅವಳು ಊಟಕ್ಕೆ ಹೋದಾಗ ಬಣ್ಣ ಹಚ್ಚಲು ಭರಮಣ್ಣ ಕುಳಿತ. ಕೆಳಗಿನ ಸಾಲಿನಲ್ಲಿ ಇಪ್ಪತ್ನಾಲ್ಕು ಚೌಕ, ಎಲ್ಲದರಲ್ಲೂ ಅದೇ ದೀಪ. ಜ್ವಾಲೆ ಮಾತ್ರ ಒಂದರಲ್ಲಿ ಕೂದಲೆಳೆಯಷ್ಟು ಅತ್ತ, ಇನ್ನೊಂದರಲ್ಲಿ ಇತ್ತ. ಸ್ಲೈಡು ಬರೆಯುವವರು ನಾಲ್ಕಾರು ಗಾಜಿನ ಮೇಲೆ ಕಚ್ಚಾ ಬರೆದು, ಚಲೋ ಬಂದದ್ದನ್ನು ಇಟ್ಟುಕೊಂಡು ಉಳಿದವನ್ನು ಒರೆಸಿಬಿಡುತ್ತಾರೆ. ಪಾಪ, ಹುಡುಗಿ ಒರೆಸಲು ಮರೆತಿದ್ದಾಳೆ ಎಂದುಕೊಂಡ. ಒಳ್ಳೆಯದೊಂದನ್ನು ಆರಿಸಿ, ಇಪ್ಪತ್ತಮೂರನ್ನೂ ಒರೆಸಿದ. ಉಳಿದ ಒಂದಕ್ಕೆ ಬಂಗಾರದ ಬಣ್ಣ ಹಚ್ಚಿದ. ಹೇಳಿಕೊಟ್ಟಂತೆ ಮರೆಯದೆ ಗುಂಡಿಯನ್ನೂ ಒತ್ತಿದ; ಫ್ಲಾಪಿಯೊಳಗೂ ಆ ಒಂದೇ ಉಳಿಯಿತು.

ಕಾಂತಾ ಬಂದು ಚಿತ್ರ ಓಡಿಸಿದಳು. "ಕಾಕಾ, ದೀಪ ಅಲ್ಲಾಡವಲ್ದು!"

"ಯಾಕ ಅಲ್ಲಾಡಬೇಕ? ದೀಪ ಐತೋ, ನಾಯಿ ಬಾಲ ಐತೋ?"

"ಇಪ್ಪತ್ನಾಕೂ ಒಂದರ ಹಿಂದ ಒಂದ ಓಡಿದ್ರ ಜ್ವಾಲಿ ಕುಣೀತಿತ್ರಿ. ಎಲ್ಲಿ ಹೋದವು?"

ಒರೆಸಿದ್ದು ಕಚ್ಚಾ ಅಲ್ಲವೆಂದು ಭರಮಣ್ಣನಿಗೆ ಆಗ ಹೊಳೆಯಿತು. ಅಷ್ಟರಲ್ಲಿ ಗುರುಪುತ್ರಪ್ಪ ಒಳಗೆ ಬಂದ. ಅವನಿಗೆ ಆ ಯಂತ್ರದ ಗಂಧವೂ ಇಲ್ಲ. "ಏನಾತು?" ಎಂದದ್ದೇ ತಡ, ಭರಮಣ್ಣನ ಬಾಯಿ ಮುಂದೆ ಓಡಿತು: "ಈಕಿ ಗುಂಡಿ ಒತ್ತೂದ ಮರತಾಳ್ರಿ! ಎಂಟ ದಿನದ ಕೆಲಸಾ ನೀರಾಗ ಹೋತು."

"ನಾಳಿಂದ ಬರಬ್ಯಾಡವಾ," ಎಂದ ಗುರುಪುತ್ರಪ್ಪ.

ಭರಮಣ್ಣ ಬಣ್ಣ ಹಚ್ಚಿದ ದೀಪ ತೆರೆಯ ಮೇಲೆ ಇನ್ನೂ ಹೊಳೆಯುತ್ತಿತ್ತು. ಕಾಂತಾ ಅದನ್ನು ನೋಡಿದಳು, ಅವನನ್ನು ನೋಡಿದಳು. ಚೀಲ ಎತ್ತಿಕೊಂಡು ಹೋದಳು.

ಸಂಜೆ ಖಾನಾಪುರಕ್ಕೆ ಮರಳುವ ರೈಲಿನಲ್ಲಿ ಭರಮಣ್ಣನಿಗೆ ಕೂರಲಾಗಲಿಲ್ಲ. ಕಾಂತಾ ಒಂದು ಮಾತು ಬೈದಿದ್ದರೂ ತಿರುಗಿ ಬೈದು ಹಗುರಾಗುತ್ತಿದ್ದ. ನಡುದಾರಿಯ ದೇಸೂರಿನಲ್ಲಿ ಇಳಿದು, ಬಸ್ಸು ಹಿಡಿದು ಅಂಗಡಿಗೆ ಮರಳಿದ. ಗುರುಪುತ್ರಪ್ಪ ಶಟರ್ ಎಳೆಯುತ್ತಿದ್ದ.

"ಸಾಹುಕಾರ್ರ, ಒರಸಿದಾಂವ ನಾನ. ಆಕಿದು ಏನೂ ತಪ್ಪಿಲ್ಲ."

"ಮಧ್ಯಾಹ್ನ ಬಾಯಿಗೆ ಏನಾಗಿತ್ತೋ?"

"ಆಕೀನ್ನ ಕರಸ್ರಿ," ಎಂದ ಭರಮಣ್ಣ.

ಸಾಹುಕಾರ ಹೇಳಿಕಳಿಸಿದ್ದಕ್ಕೆ ಮರುದಿನ ಕಾಂತಾ ಬಂದಳು. ಭರಮಣ್ಣ ಕುರ್ಚಿ ಬಿಟ್ಟು ಎದ್ದು ನಿಂತ. "ತಪ್ಪಾತವಾ. ಆ ಚೌಕ ಯಾಕಂತ ಹೇಳಾಕ ಹೊಂಟಿದ್ದೆಲ್ಲ, ಈಗ ಹೇಳು."

"ಕುಂದರ್ರಿ," ಎಂದಳು. ಮೊದಲ ಜ್ವಾಲೆ ಅವಳು ಬರೆದಳು, ಎರಡನೆಯದನ್ನು ಅವನು ಬರೆದ. ಕ್ಯಾಸೆಟ್ಟು ಹಲಸಿಗೆ ವಾರ ತಡವಾಗಿ ಹೋಯಿತು.

ಮುಂದೆ ಎಷ್ಟೋ ಚಿತ್ರ ಇಬ್ಬರೂ ಕೂಡಿ ಓಡಿಸಿದರು. ಕಾಂತಾ ಮಾತ್ರ ಮತ್ತೆಂದೂ ಅವನನ್ನು ಕಾಕಾ ಎನ್ನಲಿಲ್ಲ. ಯಾಕೆಂದು ಅವನೂ ಕೇಳಲಿಲ್ಲ. ಯಾವ ಬಾಯಿಂದ ಕೇಳಬೇಕು?