ಒಂದು ದಿನ ಹಿಂದಿಟ್ಟ ತಾರೀಖು

ಶಾಯಿಸ್ತಾ ಹಳೇ ಹುಬ್ಬಳ್ಳಿಯ ಪ್ರೆಸ್ಸಿನಲ್ಲಿ ಹತ್ತು ವರ್ಷ ಸೀಸದ ಅಚ್ಚುಮೊಳೆ ಜೋಡಿಸಿ, ಆಮೇಲೆ ಕಂಪ್ಯೂಟರ್ ಕಲಿತವಳು. 1999ರ ಏಪ್ರಿಲ್ ಇಪ್ಪತ್ತಾರಕ್ಕೆ, ಕಂಪ್ಯೂಟರಿನೊಳಗೆ ಮಲಗಿದ್ದ ವೈರಸ್ಸು ಎದ್ದು ಎಲ್ಲವನ್ನೂ ಅಳಿಸುತ್ತದೆಂದು ಸುದ್ದಿಯಿತ್ತು. ಮಾಲೀಕ ದುರ್ಗೇಶ ಮುಂಚೆಯೇ ಪ್ರೆಸ್ಸಿನ ಕಂಪ್ಯೂಟರಿನ ತಾರೀಖನ್ನು ಒಂದು ದಿನ ಹಿಂದಿಟ್ಟ. ಇಪ್ಪತ್ತಾರು ಸುಖವಾಗಿ ಕಳೆಯಿತು. ಖುಷಿಯಲ್ಲಿ ಎಲ್ಲರಿಗೂ ಮಿರ್ಚಿ ಭಜಿ ತರಿಸಿದ. ಮರುದಿನ ಊರಿಗೆಲ್ಲ ಇಪ್ಪತ್ತೇಳು, ಕಂಪ್ಯೂಟರಿಗೆ ಮಾತ್ರ ಇಪ್ಪತ್ತಾರು! ಪರದೆ ಕಪ್ಪಾಯಿತು. ಅಚ್ಚಿಗೆ ಸಿದ್ಧವಿದ್ದ ಹನ್ನೆರಡು ಲಗ್ನಪತ್ರಿಕೆ ಅಳಿಸಿಹೋದವು.

ದುರ್ಗೇಶ ತಲೆಯ ಮೇಲೆ ಕೈ ಹೊತ್ತು ಕೂತ. “ಗಿರಾಕಿಗೋಳಿಗೆ ಎಂಟು ದಿನಾ ತಡೀರಿ ಅಂತ ಹೇಳೂಣೇನವಾ?”

ಶಾಯಿಸ್ತಾ ಮೂಲೆಯಲ್ಲಿದ್ದ ಮೊಳೆಗಳ ಪೆಟ್ಟಿಗೆ ಎಳೆದು ಧೂಳು ಝಾಡಿಸಿದಳು.

“ಗಿರಾಕಿ ಸಹಿ ಮಾಡಿದ ಪ್ರೂಫ್ ತಗೀರಿ ಅಣ್ಣಾರ, ಮೊಳಿ ಜೋಡಸ್ತೇನಿ. ಕಂಪ್ಯೂಟರಿನ ತಾರೀಖು ಸರಸಿದಂಗ ಲಗ್ನದ ತಾರೀಖು ಸರಸಾಕ ಬರೂದಿಲ್ಲ!”