ಮಂಜುಗಡ್ಡೆ ಹೊತ್ತು ತಂದ ಕಾಕಾ

ಮಾನ್ಯ ಓದುಗರೇ,

ನನ್ನ ಅಕ್ಷರ ಅಂದವಾಗಿಲ್ಲ, ಕಾಗುಣಿತವೂ ಅಷ್ಟಕ್ಕಷ್ಟೇ, ಕ್ಷಮಿಸಬೇಕಾಗಿ ವಿನಂತಿ.

ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಧಾರವಾಡದ ನಮ್ಮ ಪ್ರಯೋಗಾಲಯದಲ್ಲಿ ಸಹಾಯಕರಾಗಿ ಒಬ್ಬ ಕಾಕಾ ಇದ್ದರು. ಹಣೆಯಲ್ಲಿ ವಿಭೂತಿ, ಮೀನು ಮುಟ್ಟದ ಮನೆತನ. ಕೊಲಾಜೆನ್ ಎಂಬ ಪ್ರೋಟೀನು ತೆಗೆಯಲು ನಾನು ತರುತ್ತಿದ್ದ ಮೀನಿನ ಚರ್ಮವನ್ನು ಇಕ್ಕಳದಲ್ಲೇ ಎತ್ತಿಡುತ್ತ, “ಥಂಡ ಇರ್ಲಿ, ಅವ್ವಾ” ಎನ್ನುತ್ತಿದ್ದರು. ಬೆಚ್ಚಗಾದರೆ ಕೊಲಾಜೆನ್ ಕೆಡುತ್ತದೆಂದು ಅವರು ಬಲ್ಲರು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಫ್ರಿಜ್ ನಿಂತಿತು. ನನ್ನ ಆರು ತಿಂಗಳ ಶ್ರಮವೆಲ್ಲ ಅದರೊಳಗಿತ್ತು. ಕಾಕಾ ತಾವೇ ಮೀನುಪೇಟೆಗೆ ಹೋಗಿ ಮಂಜುಗಡ್ಡೆಯ ಚೀಲ ಹೊತ್ತು ತಂದರು.

“ಹೊರಗ ಬರೂಮುಂದ ನಮ್ಮ ಬೀಗರು ಕಂಡ್ರು. ‘ಯಾವಾಗಿಂದ ಶುರು ಮಾಡೀರಿ?’ ಅಂತ ನಕ್ಕರು.”

“ನೀವೇನಂದ್ರಿ, ಕಾಕಾ?”

“ನನಗಲ್ರಿ, ಮಗಳಿಗೆ ಅಂದೆ. ‘ನಿಮಗೆಲ್ಲಿ ಮಗಳ್ರೀ?’ ಅಂದ್ರು. ‘ಲ್ಯಾಬಿನ್ಯಾಗ ಅದಾಳ’ ಅಂದೆ.”

ಕೊಲಾಜೆನ್ ಕೆಡದೆ ಉಳಿಯಿತೆಂದು ಈ ಮೂಲಕ ದೃಢೀಕರಿಸುತ್ತೇನೆ. ಬರಹದಲ್ಲಿ ತಪ್ಪು ಕಂಡಲ್ಲಿ ದಯವಿಟ್ಟು ತಿದ್ದಿಕೊಡಬೇಕು.