ವಯಸ್ಸಾಗಿದ್ದು ಗಾಡಿಗೆ

ಮೊದಲು ಸಿಹಿ ಸುದ್ದಿ. ನನ್ನ ಮೊಮ್ಮಗಳು ಚೈತ್ರ ನಮ್ಮ ಮನೆಯ ಹಳೇ ಪಿಕಪ್ಪಿನ ಹಿಂದಿನ ಎರಡೂ ಶಾಕ್ಸ್, ಅಂದರೆ ಕುಲುಕಾಟ ತಡೆಯುವ ಕೊಳವೆಗಳನ್ನು, ಬಿಚ್ಚಿ ಹೊಸದು ಹಾಕಿದಳು. ತಾನೇ, ತನ್ನ ಕೈಯಾರೆ. ಅದೇ ಗಾಡಿಯಲ್ಲಿ ನಾನು ಕೆಂಗೇರಿಯಿಂದ ಮಹಾಲಕ್ಷ್ಮಿ ಲೇಔಟಿನ ಮಗಳ ಮನೆಗೆ ಹೋಗಿ ಬಂದೆ. ನನ್ನ ಸೊಂಟ ಚಕಾರ ಎತ್ತಲಿಲ್ಲ.

ಖುಷಿ ಎದೆ ತುಂಬಿ ಹೊರಗೆ ಚೆಲ್ಲುತ್ತಿದೆ. ಅದರ ಕೆಳಗೇ ಸಿಟ್ಟೂ ಕುದಿಯುತ್ತಿದೆ. ಆ ಸಿಟ್ಟನ್ನು ಇವತ್ತು ನಿಮ್ಮ ಮುಂದೆ ಬಸಿಯದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ.

ಇದು ಫೋರ್ ಬೈ ಫೋರ್ ಗಾಡಿ. ಮುಂದೆ ಐದು ಜನಕ್ಕೆ ಸೀಟು, ಹಿಂದೆ ಸಾಮಾನಿಗೆ ತೊಟ್ಟಿ. ಮಗ ಮಂಜುನ ನರ್ಸರಿಯ ಹೂಕುಂಡಗಳನ್ನು ಹೊರುವುದೂ ಇದೇ. "ಬೆಟ್ಟ ಹತ್ತುತ್ತೆ, ಹಳ್ಳ ಇಳಿಯುತ್ತೆ" ಎಂದು ಅವನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಬೆಟ್ಟದ ಮಾತು ಬಿಡಿ. ಹೊಸಹಳ್ಳಿಯಲ್ಲಿ ಒಂದು ಹಂಪ್ ಹತ್ತಿಳಿದರೆ ಹಿಂದಿನ ಸೀಟಿನಲ್ಲಿದ್ದ ನನ್ನ ತಲೆ ಮೇಲಿನ ತಗಡಿಗೆ ಬಡಿಯುತ್ತಿತ್ತು. (ಡಾಂಬರು ಹಾಕಿದ ರಸ್ತೆಯನ್ನು ಮರುವಾರವೇ ಅಗೆಯುವವರಿಗೂ ನನ್ನ ಶಾಪ ಇದೆ. ಅದು ಬೇರೆ ಲೆಕ್ಕ.)

ಸೊಂಟ ಹಿಡಿಯಿತು. ಅಷ್ಟೇ, ಎಲ್ಲರ ಬಾಯಲ್ಲೂ ಒಂದೇ ಮಂತ್ರ: "ವಯಸ್ಸಾಯ್ತಲ್ಲ."

ಮಗ ಗಾಡಿಯನ್ನು ಬಾಪೂಜಿ ನಗರದ ಒಂದು ಗ್ಯಾರೇಜಿಗೆ ತೋರಿಸಿದ. ನಾನೂ ಜೊತೆಗಿದ್ದೆ. ಗ್ಯಾರೇಜಿನವನು ಗಾಡಿಯ ಕೆಳಗೆ ಬಗ್ಗಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಪಿಕಪ್ ಅಂದ್ರೆ ಹಿಂಗೇ ಸಾರ್, ಖಾಲಿ ಇದ್ರೆ ಕುಣಿಯುತ್ತೆ. ಹಿಂದೆ ಎರಡು ಮೂಟೆ ಮರಳು ಹಾಕ್ಕೊಳಿ. ಅಜ್ಜೀನ ಮೆಟ್ರೋದಲ್ಲಿ ಕಳ್ಸಿ."

ನಾನು ಅಲ್ಲಿ ಇರಲಿಲ್ಲವೇ? ನನಗೆ ಕಿವಿ ಇರಲಿಲ್ಲವೇ?

ಮಗ ಮರಳು ಹಾಕಿಸಿದ. ನನ್ನ ಕೆಳಗೆ ಎರಡು ದಿಂಬು ಇಟ್ಟ. ಗಾಡಿ ಕುಣಿಯುವುದನ್ನು ಬಿಡಲಿಲ್ಲ, ಈಗ ಮೂಟೆ ಸಮೇತ ಕುಣಿಯಿತು. ಕೊನೆಗೆ ಏನು ತೀರ್ಮಾನ? ಮರಳನ್ನು ಉಳಿಸಿಕೊಂಡರು, ದಿಂಬನ್ನು ಉಳಿಸಿಕೊಂಡರು, ನನ್ನನ್ನು ಇಳಿಸಿದರು.

ಮಗಳ ಮನೆಯ ಸತ್ಯನಾರಾಯಣ ಪೂಜೆಗೆ ಎಲ್ಲರೂ ಹೋದರು. ನನಗೆ ಪ್ರಸಾದ ಡಬ್ಬಿಯಲ್ಲಿ ಬಂತು. ಹೆತ್ತ ಮಗಳ ಮನೆಯ ಸಜ್ಜಿಗೆಯನ್ನು ತಣ್ಣಗೆ, ಒಬ್ಬಳೇ ಕೂತು ತಿನ್ನಬೇಕೇ? ನೀವೇ ಹೇಳಿ.

ಅದನ್ನು ಕಂಡವಳು ಚೈತ್ರ. ಪಾಲಿಟೆಕ್ನಿಕ್ಕಿನಲ್ಲಿ ಗಾಡಿಗಳ ವಿದ್ಯೆಯನ್ನೇ ಓದುತ್ತಿದ್ದಾಳೆ. ಸೀದಾ ಹೋಗಿ ಹಿಂದಿನ ಬಂಪರ್ ಮೇಲೆ ನಿಂತಳು, ಒಮ್ಮೆ ಜೋರಾಗಿ ಅದುಮಿ ಕೆಳಗಿಳಿದಳು. ಗಾಡಿ ತೊಟ್ಟಿಲಿನಂತೆ ತೂಗುತ್ತಲೇ ಇತ್ತು.

"ನೋಡಜ್ಜಿ, ಒಂದ್ಸಲ ಕುಣಿದು ಸುಮ್ನಾಗ್ಬೇಕು. ಶಾಕ್ಸ್ ಸತ್ತು ಯಾವ ಕಾಲ ಆಯ್ತೋ."

"ಮತ್ತೆ ನನ್ನ ಸೊಂಟ?"

"ಇಷ್ಟು ದಿನ ಶಾಕ್ಸ್ ಕೆಲ್ಸಾನ ನಿನ್ ಸೊಂಟಾನೇ ಮಾಡಿದೆ ಕಣಜ್ಜಿ."

ಭಾನುವಾರ ಬೆಳಿಗ್ಗೆ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಸ್ಟ್ಯಾಂಡ್ ಇಟ್ಟು ಕೆಳಗೆ ನುಸುಳಿದಳು. ನಾನು ಟಾರ್ಚ್ ಹಿಡಿದೆ. ತುಕ್ಕು ತಿಂದ ಬೋಲ್ಟು ಜಪ್ಪಯ್ಯ ಅನ್ನಲಿಲ್ಲ. ಎಣ್ಣೆ ಬಿಟ್ಟು ಕಾದಳು. ಆಮೇಲೆ ಸ್ಪ್ಯಾನರಿಗೆ ಕಬ್ಬಿಣದ ಪೈಪ್ ಸಿಕ್ಕಿಸಿ ಎಳೆದಳು.

ಮಗ ಬಾಗಿಲಲ್ಲೇ ನಿಂತು ರಾಗ ತೆಗೆದ. "ಬೇಡ ಕಣೇ, ಗಾಡಿ ಸರಿಯಾಗೈತೆ ಅಂತ ಗ್ಯಾರೇಜಿನೋರೇ ಅಂದವ್ರೆ."

"ಅಪ್ಪ, ಅವ್ರು ಗಾಡಿ ನೋಡ್ಲಿಲ್ಲ, ಅಜ್ಜೀನ ನೋಡಿದ್ರು." ಉತ್ತರ ಗಾಡಿಯ ಕೆಳಗಿನಿಂದ ಬಂತು.

ಬಿಚ್ಚಿದ್ದನ್ನು ನನ್ನ ಕೈಗೆ ಕೊಟ್ಟಳು. ಮೈಯೆಲ್ಲ ಎಣ್ಣೆ ಸೋರಿತ್ತು. ಅದುಮಿ ನೋಡಿದೆ. ಒಳಗೆ ಹೋದ ಕಡ್ಡಿ ಹೊರಗೆ ಬರಲೇ ಇಲ್ಲ. ಅವಳು ತಂದಿಟ್ಟಿದ್ದ ಹೊಸದನ್ನು ಅದುಮಿದೆ, ನಿಧಾನಕ್ಕೆ ಎದ್ದು ಬಂತು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೂ ಇಷ್ಟು ಅರ್ಥವಾಯಿತು. ಇದನ್ನು ನೋಡಲು ಒಬ್ಬರಿಗೂ ಸೊಂಟ ಬಗ್ಗಲಿಲ್ಲವೇ?

ಮಧ್ಯಾಹ್ನ ಮಗಳನ್ನೂ ಅಳಿಯನನ್ನೂ ಅದೇ ಗಾಡಿಯಲ್ಲಿ ಕೂರಿಸಿಕೊಂಡು ಬಂದೆವು. ಅಷ್ಟರಲ್ಲಿ ಸೊಸೆ ಬಸ್ಸಾರು ಮಾಡಿಟ್ಟಿದ್ದಳು. ಸಂಜೆ ಎಲ್ಲರೂ ಹಾಲ್‌ನಲ್ಲಿ ಸಾಲಾಗಿ ಊಟಕ್ಕೆ ಕೂತೆವು. ಎಷ್ಟು ತಿಕ್ಕಿದರೂ ಚೈತ್ರಳ ಉಗುರಿನ ಗ್ರೀಸ್ ಹೋಗಿರಲಿಲ್ಲ. ಮೊದಲ ಮುದ್ದೆಯನ್ನು ಅವಳ ತಟ್ಟೆಗೇ ಹಾಕಿದೆ.

ಮಗ ತಲೆ ಎತ್ತದೆ ಕೇಳಿದ: "ಅವ್ವ, ಮುಂದಿನ ವಾರ ಬೀಗರ ಮನೆ ನಾಮಕರಣಕ್ಕೆ ನೀನೂ ಬರ್ತೀಯಾ?"

ಬಿಟ್ಟು ಹೋಗುವಾಗ ನನ್ನನ್ನು ಒಂದು ಮಾತು ಕೇಳದವರು, ಕರೆದುಕೊಂಡು ಹೋಗುವಾಗ ಯಾಕೆ ಕೇಳಬೇಕು?